ಸೇವಂತಿಗೆ ಮರವಾಗಿ ಬೆಳೆದ ದ್ವೀಪ: ಸೇಂಟ್ ಹೆಲೆನಾದ ಗಿಡಮರ, ತೋಟಗಳನ್ನು ನೋಡುವುದು ಹೇಗೆ?

ಸೇವಂತಿಗೆ ಗಿಡ ಎಷ್ಟೆತ್ತರ ಬೆಳೆಯುತ್ತದೆ? ಮೊಣಕಾಲುದ್ದ. ಚೆನ್ನಾಗಿ ಗೊಬ್ಬರ ಕೊಟ್ಟರೆ ಸೊಂಟದವರೆಗೆ. ಅದರ ನೆಂಟರಾದ ಚೆಂಡುಹೂ, ಹುಚ್ಚೆಳ್ಳು, ಸೂರ್ಯಕಾಂತಿ ಎಲ್ಲವೂ ಒಂದು ಬೆಳೆ ಮುಗಿಸಿ ಒಣಗುವಂಥವು. ಆದರೆ ಅಟ್ಲಾಂಟಿಕ್ ಸಾಗರದ ನಡುವೆ ಒಂದು ದ್ವೀಪವಿದೆ. ಅಲ್ಲಿ ಇದೇ ಕುಟುಂಬದ ಗಿಡಗಳು ಮರಗಳಾಗಿ ನಿಂತಿವೆ. ಕಾಂಡಕ್ಕೆ ತೊಗಟೆ ಬಂದಿದೆ. ಕೊಂಬೆಗೆ ಪಾಚಿ ಹತ್ತಿದೆ. ಅಡಿಯಲ್ಲಿ ನಿಂತರೆ ನೆರಳು ಸಿಗುತ್ತದೆ.

ಅದು ಸೇಂಟ್ ಹೆಲೆನಾ. ನೆಪೋಲಿಯನ್ ಕೊನೆಯ ದಿನಗಳನ್ನು ಕಳೆದ ಜಾಗ ಎಂದು ಶಾಲೆಯಲ್ಲಿ ಓದಿದ ನೆನಪಿರಬಹುದು. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಸುಮಾರು 1,900 ಕಿ.ಮೀ. ದೂರ. ವಿಸ್ತೀರ್ಣ ಸುಮಾರು 122 ಚದರ ಕಿ.ಮೀ. ಅಂದರೆ ನಮ್ಮ ಒಂದು ತಾಲ್ಲೂಕಿಗಿಂತ ಎಷ್ಟೋ ಚಿಕ್ಕದು. ಇಷ್ಟು ಸಣ್ಣ ಜಾಗದಲ್ಲಿ ಪ್ರಪಂಚದ ಬೇರೆಲ್ಲೂ ಇಲ್ಲದ ಸುಮಾರು 45 ಬಗೆಯ ಗಿಡ, ಮರ, ಜರಿಗಳಿವೆ.

ಗಿಡ ನೋಡಲು ಹೋಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು, ಅಡಿಕೆ ತೋಟದಲ್ಲಿ ಬೆಳೆದವನು. ಅಲ್ಲಿಗೆ ಹೋದಾಗ ಮೊದಲೆರಡು ದಿನ ಯಾವುದನ್ನು ನೋಡಬೇಕು ಅಂತಲೇ ಗೊತ್ತಾಗಲಿಲ್ಲ. ಎಲ್ಲ ಕಡೆ ಹಸಿರು. ಆದರೆ ಆ ಹಸಿರಿನಲ್ಲಿ ಹೆಚ್ಚಿನದು ದ್ವೀಪದ್ದಲ್ಲ. ಇದೊಂದು ಗೊತ್ತಾದ ಮೇಲೆ ನೋಡುವ ಕ್ರಮವೇ ಬದಲಾಯಿತು. ಹಾಗಾಗಿ ನನ್ನ ಸಲಹೆ ಇಷ್ಟೇ: ಸಮುದ್ರದ ಮಟ್ಟದಲ್ಲಿ, ಮನುಷ್ಯರು ನೆಟ್ಟ ತೋಟದಿಂದ ಶುರು ಮಾಡಿ. ದಿನಕ್ಕಿಷ್ಟು ಮೇಲೆ ಹತ್ತಿ. ಮೋಡದೊಳಗಿನ ಕಾಡನ್ನು ಕೊನೆಗೆ ಇಟ್ಟುಕೊಳ್ಳಿ.

ಹಂತ 1: ಪ್ರಯಾಣದ ಲೆಕ್ಕ

ಹಿಂದೆ ಇಲ್ಲಿಗೆ ಹಡಗೊಂದೇ ದಾರಿ. ಕೇಪ್‌ಟೌನ್‌ನಿಂದ ಐದಾರು ದಿನ ಬೇಕಾಗುತ್ತಿತ್ತು. 2017ರ ಅಕ್ಟೋಬರ್‌ನಿಂದ ಜೋಹಾನ್ಸ್‌ಬರ್ಗ್‌ನಿಂದ ವಿಮಾನವಿದೆ. ಸಾಮಾನ್ಯವಾಗಿ ವಾರಕ್ಕೊಂದೇ, ಶನಿವಾರ. ಹಾಗಾಗಿ ಶನಿವಾರ ಇಳಿದು ಮುಂದಿನ ಶನಿವಾರ ಹೊರಡುವ ಲೆಕ್ಕ ಇಟ್ಟುಕೊಳ್ಳಿ. ಗಿಡ ನೋಡಲು ಒಂದು ವಾರ ಸರಿಯಾಗಿ ಸಾಕಾಗುತ್ತದೆ, ಎರಡಾದರೆ ಇನ್ನೂ ಒಳ್ಳೆಯದು.

ಬೆಂಗಳೂರಿನಿಂದ ಹೋಗುವವರು ದುಬೈ ಅಥವಾ ಅಡಿಸ್ ಅಬಾಬ ಮೂಲಕ ಜೋಹಾನ್ಸ್‌ಬರ್ಗ್ ತಲುಪಬಹುದು. ಭಾರತದ ಪಾಸ್‌ಪೋರ್ಟ್ ಇದ್ದವರು ಅಲ್ಲಿ ರಾತ್ರಿ ಉಳಿಯಬೇಕಾದರೆ ದಕ್ಷಿಣ ಆಫ್ರಿಕಾದ ವೀಸಾ ಬೇಕು. ಸೇಂಟ್ ಹೆಲೆನಾ ಬ್ರಿಟನ್ನಿನ ಆಡಳಿತದಲ್ಲಿದೆ. ಆದರೂ ಪ್ರವೇಶದ ನಿಯಮ ದ್ವೀಪದ ಸರ್ಕಾರದ್ದೇ. ಟಿಕೆಟ್‌ಗೆ ಮುಂಚೆ ಅದನ್ನು ನೋಡಿಕೊಳ್ಳಿ. ವೈದ್ಯಕೀಯ ವಿಮೆ ಕಡ್ಡಾಯ. ಕಾಯಿಲೆ ಜೋರಾದರೆ ವಿಮಾನದಲ್ಲಿ ಹೊರಗೆ ಸಾಗಿಸುವ ಖರ್ಚು ಅದರಲ್ಲಿ ಸೇರಿರಬೇಕು. ಅಲ್ಲಿನ ಪೌಂಡಿಗೂ ಬ್ರಿಟನ್ ಪೌಂಡಿಗೂ ಒಂದೇ ಬೆಲೆ, ಎರಡೂ ನಡೆಯುತ್ತವೆ. ಕಾರ್ಡನ್ನೇ ನಂಬದೆ ನಗದು ಇಟ್ಟುಕೊಳ್ಳಿ.

ಹವಾಮಾನ ನಮ್ಮದಕ್ಕೆ ತಿರುಗುಮುರುಗು. ಜನವರಿಯಿಂದ ಏಪ್ರಿಲ್ ಬೆಚ್ಚಗಿರುತ್ತದೆ, ಜುಲೈನಿಂದ ಸೆಪ್ಟೆಂಬರ್ ತಂಪು. ಕೆಳಗಿನ ಜೇಮ್ಸ್‌ಟೌನ್‌ನಲ್ಲಿ ಬೆವರು ಬರುವಾಗ ಮೇಲಿನ ಶಿಖರದಲ್ಲಿ ಸ್ವೆಟರ್ ಬೇಕಾಗುತ್ತದೆ. ಒಂದು ಒಳ್ಳೆಯ ರೇನ್‌ಕೋಟ್, ಜಾರದ ಬೂಟು, 10 ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರ, ಬೈನಾಕ್ಯುಲರ್. ಗಿಡ ನೋಡಲು ಬೈನಾಕ್ಯುಲರ್ ಯಾಕೆ ಅಂತ ಕೇಳಬೇಡಿ, ಮುಂದೆ ಹೇಳುತ್ತೇನೆ.

ಹಂತ 2: ಬೂಟು ತೊಳೆಯಿರಿ, ಜೇಬು ಕೊಡವಿ

ಇದನ್ನು ಸಣ್ಣ ಹಂತ ಅಂದುಕೊಳ್ಳಬೇಡಿ. ಹೊರಗಿನಿಂದ ಬಂದ ಜೀವಿಗಳೇ ಈ ದ್ವೀಪದ ಕಾಡನ್ನು ತಿಂದಿವೆ. ಮೊದಲು ಆಡು, ಆಮೇಲೆ ಕಳೆ, ಆಮೇಲೆ ಕೀಟ. ಈಗ ಬೇರು ಕೊಳೆಸುವ ರೋಗಾಣುಗಳ ಭಯ. ಅಡಿಕೆ ಬೆಳೆಯುವವರಿಗೆ ಕೊಳೆರೋಗ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಮಣ್ಣಿನಲ್ಲಿ ಕೂತ ರೋಗ ಒಬ್ಬರ ಕಾಲಿಗೆ ಅಂಟಿ ಇನ್ನೊಬ್ಬರ ತೋಟಕ್ಕೆ ಹೋಗುತ್ತದೆ. ಅಲ್ಲೂ ಅಷ್ಟೇ.

ಹೊರಡುವ ಹಿಂದಿನ ದಿನ ಬೂಟನ್ನು ಬ್ರಷ್ ಹಾಕಿ, ಸೋಪಿನಲ್ಲಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ. ಅಟ್ಟೆಯ ಸಂದಿನಲ್ಲಿ ಸಿಕ್ಕಿದ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆಯಿರಿ. ನಾನು ನನ್ನ ಜಾಕೆಟ್ಟಿನ ವೆಲ್ಕ್ರೊ ಪಟ್ಟಿ ಬಿಚ್ಚಿ ನೋಡಿದೆ. ಹನ್ನೊಂದು ಹುಲ್ಲಿನ ಬೀಜ ಇದ್ದವು. ನಮ್ಮೂರ ಬೇಣದಲ್ಲಿ ನಡೆದಾಗ ಹತ್ತಿದವು. ಚಿಮಟದಿಂದ ಒಂದೊಂದಾಗಿ ಕಿತ್ತು ಒಲೆಗೆ ಹಾಕಿದೆ. ಬ್ಯಾಗಿನ ಮೂಲೆ, ಪ್ಯಾಂಟಿನ ಮಡಿಕೆ, ಕ್ಯಾಮೆರಾ ಚೀಲ, ಟ್ರೈಪಾಡಿನ ಕಾಲು ಎಲ್ಲವನ್ನೂ ಹೀಗೇ ನೋಡಿ.

ಹಣ್ಣು, ತರಕಾರಿ, ಬೀಜ, ಗಿಡ ಒಯ್ಯಬೇಡಿ. ಜೇನುತುಪ್ಪವಂತೂ ಬೇಡವೇ ಬೇಡ. ಅಲ್ಲಿನ ಜೇನುಹುಳುಗಳು ಹೊರಗಿನ ರೋಗ ತಗಲದೆ ಉಳಿದಿವೆ. ನೈವೇದ್ಯಕ್ಕೆ ಅಂತ ಒಣ ತೆಂಗಿನಕಾಯಿ, ಮನೆಯ ಕರಿಬೇವು ಚೀಲಕ್ಕೆ ಹಾಕಿಕೊಡುವ ಅಮ್ಮಂದಿರಿಗೆ ಮೊದಲೇ ಹೇಳಿ ಇಡಿ.

ಹಂತ 3: ಮೂರು ಗುಂಪು ಮಾಡಿಕೊಳ್ಳಿ

ನೋಟ್‌ಬುಕ್ಕಿನಲ್ಲಿ ಮೂರು ಪುಟ ತೆಗೆಯಿರಿ. ಮೊದಲನೆಯದು ಈ ದ್ವೀಪದಲ್ಲಿ ಮಾತ್ರ ಇರುವಂಥವು. ಎರಡನೆಯದು ತಾವಾಗಿ ಬಂದು ನೆಲೆಸಿದ, ಆದರೆ ಬೇರೆ ಕಡೆಯೂ ಇರುವಂಥವು. ಮೂರನೆಯದು ಮನುಷ್ಯರು ತಂದಂಥವು. ನಿಮ್ಮ ಮೂರನೆಯ ಪುಟ ಮೊದಲ ದಿನವೇ ತುಂಬುತ್ತದೆ. ಮೊದಲನೆಯ ಪುಟದಲ್ಲಿ ವಾರದ ಕೊನೆಗೆ ಹದಿನೈದು ಹೆಸರು ಬಂದರೂ ಅದು ಒಳ್ಳೆಯ ವಾರ.

ಹೆಸರುಗಳು ದಾರಿ ತಪ್ಪಿಸುತ್ತವೆ, ಹುಷಾರು. ಅಲ್ಲಿನ ಎಬೊನಿ ನಮ್ಮ ಕರಿಮರವಲ್ಲ, ಅದು ದಾಸವಾಳ, ಬೆಂಡೆ, ಹತ್ತಿಯ ಕುಟುಂಬದ್ದು. ಕ್ಯಾಬೇಜ್ ಮರಕ್ಕೂ ಎಲೆಕೋಸಿಗೂ ಸಂಬಂಧವಿಲ್ಲ, ಅದು ಸೇವಂತಿಗೆಯ ಕುಟುಂಬ. ರೆಡ್‌ವುಡ್ ಅಂದರೆ ಅಮೆರಿಕದ ದೈತ್ಯ ಮರವಲ್ಲ, ಎಬೊನಿಯ ಅಕ್ಕತಂಗಿ. ದ್ವೀಪಕ್ಕೆ ಬಂದ ನಾವಿಕರು ತಮಗೆ ಗೊತ್ತಿದ್ದ ಹೆಸರನ್ನೇ ಕಂಡ ಮರಕ್ಕೆಲ್ಲ ಇಟ್ಟುಬಿಟ್ಟರು.

ಸೇವಂತಿಗೆ ಕುಟುಂಬವೇ ಯಾಕೆ ಮರವಾಯಿತು? ಈ ದ್ವೀಪ ಜ್ವಾಲಾಮುಖಿಯಿಂದ ಎದ್ದು ಸುಮಾರು 1.4 ಕೋಟಿ ವರ್ಷವಾಗಿದೆ. ಯಾವ ಭೂಖಂಡಕ್ಕೂ ಅಂಟಿಕೊಂಡಿರಲಿಲ್ಲ. ಹಾಗಾಗಿ ದೊಡ್ಡ ಮರಗಳ ಭಾರದ ಬೀಜ ಇಲ್ಲಿಗೆ ತಲುಪುವುದು ಕಷ್ಟ. ಹಗುರ ಬೀಜ ಗಾಳಿಯಲ್ಲಿ, ಹಕ್ಕಿಯ ರೆಕ್ಕೆಯಲ್ಲಿ ಬರಬಹುದು. ಬಂದವಕ್ಕೆ ಮರದ ಜಾಗ ಖಾಲಿ ಸಿಕ್ಕಿತು. ಲಕ್ಷಾಂತರ ವರ್ಷಗಳಲ್ಲಿ ಆ ಜಾಗವನ್ನು ಅವೇ ತುಂಬಿದವು.

ಹಂತ 4: ಮೊದಲ ದಿನ ಜೇಮ್ಸ್‌ಟೌನ್‌ನಲ್ಲಿ

ರಾಜಧಾನಿ ಜೇಮ್ಸ್‌ಟೌನ್ ಎರಡು ಬೋಳು ಗುಡ್ಡಗಳ ನಡುವಿನ ಕಣಿವೆಯಲ್ಲಿ ಉದ್ದಕ್ಕೆ ಹಬ್ಬಿದೆ. ಈಸ್ಟ್ ಇಂಡಿಯಾ ಕಂಪನಿ 1659ರಲ್ಲಿ ಇಲ್ಲಿ ನೆಲೆಯೂರಿತು. ಭಾರತದಿಂದ ಇಂಗ್ಲೆಂಡಿಗೆ ಮರಳುವ ಹಡಗುಗಳು ನೀರು, ತರಕಾರಿಗೆ ಇಲ್ಲಿ ನಿಲ್ಲುತ್ತಿದ್ದವು. ಸಮುದ್ರದ ಹತ್ತಿರದಲ್ಲೇ ಕಾಸಲ್ ಗಾರ್ಡನ್ಸ್ ಇದೆ. ಕಂಪನಿ ಕಾಲದ ತೋಟ. ಬೆಳಿಗ್ಗೆ ಅಲ್ಲಿ ಒಂದು ಗಂಟೆ ಕೂತುಕೊಳ್ಳಿ. ಎಲ್ಲವೂ ಹೊರಗಿನಿಂದ ತಂದ ನೆರಳಿನ ಮರ, ಹೂಗಿಡ. ಮೂರನೆಯ ಪುಟಕ್ಕೆ ಅಭ್ಯಾಸ ಶುರುವಾಗುವುದು ಇಲ್ಲೇ.

ಸ್ವಲ್ಪ ಮುಂದೆ ಹೋದರೆ ಒಂದು ನೋಟ ನಮ್ಮವರನ್ನು ನಿಲ್ಲಿಸುತ್ತದೆ. ಅರಳಿ ಮರ. ಅದೇ ಬಾಲ ಇರುವ ಎಲೆ, ಗಾಳಿ ಇಲ್ಲದಿದ್ದರೂ ಅದೇ ಸಳಸಳ. ಆದರೆ ಇಲ್ಲಿ ಕಟ್ಟೆ ಇಲ್ಲ, ನಾಗರಕಲ್ಲು ಇಲ್ಲ. ಈ ನೆರಳಿನಲ್ಲಿ ಗುಲಾಮರನ್ನು ಮಾರುತ್ತಿದ್ದರು ಎಂದು ಊರವರು ಹೇಳುತ್ತಾರೆ. ನಾನು ಅಲ್ಲಿ ಹೆಚ್ಚು ಹೊತ್ತು ನಿಂತೆ. ಉದುರಿದ ಒಂದು ಎಲೆ ಎತ್ತಿಕೊಂಡು ಅಲ್ಲೇ ಬುಡದಲ್ಲಿ ಇಟ್ಟು ಬಂದೆ.

ಅಂದಹಾಗೆ, ಈ ದ್ವೀಪದ ಮೊದಲ ತೋಟಗಾರನಿಗೂ ನಮ್ಮ ಕಡೆಗೂ ನಂಟಿದೆ. ಪೋರ್ಚುಗೀಸರು ದ್ವೀಪವನ್ನು ಕಂಡದ್ದು 1502ರಲ್ಲಿ. ಫೆರ್ನಾವ್ ಲೋಪೆಸ್ ಎಂಬ ಪೋರ್ಚುಗೀಸ್ ಸೈನಿಕ ಗೋವಾದಲ್ಲಿ ತನ್ನವರನ್ನು ಬಿಟ್ಟು, ಬಿಜಾಪುರದ ಆದಿಲ್‌ಶಾಹಿ ಸೇನಾಪತಿ ರಸೂಲ್ ಖಾನನ ಕಡೆ ಸೇರಿದ್ದ. 1512ರಲ್ಲಿ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ನ ಕೈಗೆ ಸಿಕ್ಕಿದಾಗ ಮೂಗು, ಕಿವಿ, ಬಲಗೈ, ಎಡಗೈ ಹೆಬ್ಬೆರಳು ಕತ್ತರಿಸಿದರು. ಕೆಲವು ವರ್ಷದ ಮೇಲೆ ಊರಿಗೆ ಹಡಗು ಹತ್ತಿದವನು ದಾರಿಯಲ್ಲಿ ಸೇಂಟ್ ಹೆಲೆನಾದಲ್ಲಿ ಇಳಿದು ಅಡಗಿಕೊಂಡ. ಒಬ್ಬನೇ ಉಳಿದ. ಉಳಿದ ಬೆರಳುಗಳಲ್ಲೇ ಮಣ್ಣು ಅಗೆದು ಹಣ್ಣಿನ ಗಿಡ ಬೆಳೆಸಿದ. ಬಂದ ಹಡಗಿನವರಿಗೆ ಹಣ್ಣು, ತರಕಾರಿ ಸಿಗುವಂತಾಯಿತು.

ಆ ತೋಟವನ್ನು ನೆನೆದರೆ ಎದೆ ಭಾರವಾಗುತ್ತದೆ. ಅದೇ ಕಾಲದಲ್ಲಿ ಮಾಂಸಕ್ಕೆಂದು ಬಿಟ್ಟ ಆಡುಗಳು ದ್ವೀಪದ ತುಂಬ ಹರಡಿ ಎಳೆ ಸಸಿಗಳನ್ನು ತಿಂದವು ಎಂಬುದೂ ನಿಜ. ಇಲ್ಲಿ ತೋಟದ ಕಥೆ, ಕಾಡಿನ ಕಥೆ ಎರಡನ್ನೂ ಒಟ್ಟಿಗೇ ಓದಬೇಕಾಗುತ್ತದೆ.

ಸಂಜೆ ಉಸಿರು ಗಟ್ಟಿ ಇದ್ದರೆ ಜೇಕಬ್ಸ್ ಲ್ಯಾಡರ್ ಹತ್ತಿ. 699 ಮೆಟ್ಟಿಲು. ಮೇಲಿಂದ ನೋಡಿದರೆ ಕರಾವಳಿಯ ಬೋಳು ಗುಡ್ಡ, ಅದರಾಚೆ ಒಳನಾಡಿನ ಹಸಿರು, ಇನ್ನೂ ಆಚೆ ಮೋಡ ಕವಿದ ಶಿಖರ. ನಿಮ್ಮ ವಾರದ ನಕ್ಷೆಯೇ ಕಣ್ಣ ಮುಂದೆ ಬಿಡಿಸಿದಂತೆ ಇರುತ್ತದೆ.

ಹಂತ 5: ಒಣ ಕರಾವಳಿ

ಎರಡನೆಯ ದಿನ ಬೆಳಿಗ್ಗೆ ಬೇಗ, ಬಿಸಿಲು ಏರುವ ಮುಂಚೆ. ದ್ವೀಪದಲ್ಲಿ ಪೋಸ್ಟ್ ಬಾಕ್ಸ್ ವಾಕ್ ಎಂಬ ನಡಿಗೆಯ ದಾರಿಗಳಿವೆ. ಪ್ರತಿ ದಾರಿಯ ಕೊನೆಯಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಹೆಸರು ಬರೆಯುವ ಪುಸ್ತಕ, ನಿಮ್ಮ ನೋಟ್‌ಬುಕ್ಕಿಗೆ ಒತ್ತಿಕೊಳ್ಳಲು ಒಂದು ಮೊಹರು. ಕೆಲವು ಸುಲಭ, ಕೆಲವು ಕಡಿದಾದ ಬಂಡೆಯ ಪಕ್ಕದಲ್ಲಿ ಹೋಗುತ್ತವೆ. ಒಬ್ಬರೇ ಹೋಗಬೇಡಿ. ಯಾವ ದಾರಿಗೆ ಹೋಗುತ್ತಿದ್ದೀರಿ ಅಂತ ಉಳಿದುಕೊಂಡ ಮನೆಯವರಿಗೆ ಹೇಳಿ ಹೊರಡಿ.

ಒಣ ಇಳಿಜಾರುಗಳಲ್ಲಿ ಹುಡುಕಬೇಕಾದ್ದು ಸ್ಕ್ರಬ್‌ವುಡ್. ಸೊಂಟದೆತ್ತರದ ಗುಮ್ಮಟದಂಥ ಪೊದೆ. ದಪ್ಪ, ಅಂಟು ಎಲೆ. ಬಿಳಿ ಹೂವನ್ನು ಮಸೂರದಲ್ಲಿ ನೋಡಿ. ನಡುವೆ ನೂರಾರು ಪುಟ್ಟ ಹೂಗಳ ಗುಂಪು ಕಾಣುತ್ತದೆ. ಸೇವಂತಿಗೆಯ ಗುರುತು ಅದೇ.

ಇನ್ನೊಂದು ಗಿಡಕ್ಕೆ ದ್ವೀಪದವರು ಇಟ್ಟ ಹೆಸರು ಬಲು ಚೆಂದ. ‘ಓಲ್ಡ್ ಫಾದರ್ ಲಿವ್ ಫಾರೆವರ್’. ನಮ್ಮ ಮಾತಿನಲ್ಲಿ ಚಿರಂಜೀವಿ ಅಜ್ಜ ಅನ್ನಬಹುದು. ಕುಂಡದಲ್ಲಿ ಬೆಳೆಸುವ ಜೆರೇನಿಯಂನ ನೆಂಟ. ದಪ್ಪನೆ ಕಂದು ಕಾಂಡ, ಬೇಸಿಗೆಯಲ್ಲಿ ಸತ್ತ ಕಡ್ಡಿಯ ಹಾಗೆ ಇರುತ್ತದೆ. ಮಣ್ಣು, ನೀರು ಇಲ್ಲದೆ ತಿಂಗಳುಗಟ್ಟಲೆ ಜೀವ ಹಿಡಿದುಕೊಳ್ಳುತ್ತದೆ ಎಂದೇ ಆ ಹೆಸರು. ಬಂಡೆಯ ಬಿರುಕಿನಲ್ಲಿ ಒಣ ಕಡ್ಡಿ ಕಂಡರೆ ಹಿಡಿದು ಎಳೆಯಬೇಡಿ, ಅದರ ಮೇಲೆ ಕಾಲೂರಬೇಡಿ. ಸತ್ತದ್ದು ಅಂದುಕೊಂಡದ್ದು ಇದೇ ಇರಬಹುದು.

ಇಲ್ಲಿನ ಬಾಕ್ಸ್‌ವುಡ್ ಎಂಬ ಪೊದೆ ಅಳಿದೇ ಹೋಯಿತು ಎಂದು ಬಹುಕಾಲ ಬರೆದಿಟ್ಟಿದ್ದರು. 1998ರಲ್ಲಿ ಅದು ಮತ್ತೆ ಸಿಕ್ಕಿತು. ಈ ಒಣ ಸೀಮೆಯಲ್ಲಿ ಕಾಲಿಡುವ ಜಾಗ ನೋಡಿ ಇಡಬೇಕು ಅನ್ನುವುದು ಅದಕ್ಕೇ.

ಹಂತ 6: ಗಮ್‌ವುಡ್, ಎಬೊನಿ. ಇಲ್ಲಿ ಎರಡು ದಿನ ಕೊಡಿ

ಗಮ್‌ವುಡ್ ದ್ವೀಪದ ರಾಷ್ಟ್ರೀಯ ಮರ. ಬಾಗಿದ ಕಾಂಡ, ಕೊಡೆಯಂಥ ತಲೆ, ಸುಕ್ಕು ಸುಕ್ಕಾದ ರೋಮದ ಎಲೆ. ಹೂ ತಲೆ ಬಗ್ಗಿಸಿ ನೇತಾಡುತ್ತದೆ. ಹಿಂದೆ ದ್ವೀಪದ ಪೂರ್ವಕ್ಕೆ ಗ್ರೇಟ್ ವುಡ್ ಎಂಬ ದೊಡ್ಡ ಗಮ್‌ವುಡ್ ಕಾಡಿತ್ತು. ಸೌದೆಗೆ ಕಡಿದರು, ಉಳಿದದ್ದನ್ನು ಆಡು, ಹಂದಿ ಮುಗಿಸಿದವು. ಆ ಜಾಗದ ಒಂದು ಭಾಗಕ್ಕೆ ಇವತ್ತಿಗೂ ಡೆಡ್‌ವುಡ್ ಎಂದೇ ಹೆಸರು.

ಆಡುಗಳೇ ಕಾಡನ್ನು ಕೊಂದವು ಎಂದು ಸ್ಪಷ್ಟವಾಗಿ ಬರೆದವರಲ್ಲಿ ಒಬ್ಬ ಗವರ್ನರ್ ಅಲೆಕ್ಸಾಂಡರ್ ಬೀಟ್ಸನ್. ಈ ಹೆಸರು ಶ್ರೀರಂಗಪಟ್ಟಣದ ಇತಿಹಾಸ ಓದಿದವರಿಗೆ ಗೊತ್ತಿರಬಹುದು. 1799ರಲ್ಲಿ ಟಿಪ್ಪುವಿನ ಮೇಲೆ ಹೋದ ಇಂಗ್ಲಿಷ್ ಸೇನೆಯ ಸರ್ವೇಯರ್ ಜನರಲ್ ಆಗಿದ್ದವನು ಇವನೇ. ಆ ಯುದ್ಧದ ಬಗ್ಗೆ ಪುಸ್ತಕವನ್ನೂ ಬರೆದ. 1808ರಿಂದ 1813ರವರೆಗೆ ಇಲ್ಲಿ ಗವರ್ನರ್ ಆಗಿದ್ದ. ಅವನ ಬಳಿಕ ಕಲ್ಕತ್ತದ ಸಸ್ಯೋದ್ಯಾನದ ವಿಲಿಯಂ ರಾಕ್ಸ್‌ಬರ್ಗ್ ಊರಿಗೆ ಮರಳುವ ದಾರಿಯಲ್ಲಿ ಇಲ್ಲಿ ಉಳಿದು ಗಿಡಗಳ ಪಟ್ಟಿ ಮಾಡಿದ. 1816ರಲ್ಲಿ ಬೀಟ್ಸನ್‌ನ ಪುಸ್ತಕದೊಂದಿಗೆ ಅದು ಅಚ್ಚಾಯಿತು. ನಮ್ಮ ದೇಶದ ಎಷ್ಟೋ ಗಿಡಗಳ ಲ್ಯಾಟಿನ್ ಹೆಸರಿನ ಕೊನೆಗೆ ಈ ರಾಕ್ಸ್‌ಬರ್ಗ್ ಹೆಸರು ಬರುತ್ತದೆ.

ಈಗ ಮಾಡಬೇಕಾದ್ದು. ಮೊದಲು ಪೀಕ್ ಡೇಲ್‌ಗೆ ಹೋಗಿ. ತಾವಾಗಿ ಬೆಳೆದ ಗಮ್‌ವುಡ್ ಕಾಡಿನಲ್ಲಿ ಉಳಿದದ್ದರಲ್ಲಿ ದೊಡ್ಡದು ಅದು. ಗೈಡ್ ಜೊತೆಗೇ ಹೋಗಿ. ಒಂದು ಮುದಿ ಮರವನ್ನು ಆರಿಸಿ, ಅರ್ಧ ಗಂಟೆ ಬೇರೆ ಕಡೆ ಹೋಗದೆ ನೋಡಿ. ಎಲೆಯ ಹಿಂಭಾಗ, ತೊಗಟೆಯ ಬಿರುಕು, ಕೊಂಬೆಯ ಕಲ್ಲುಹೂವು, ಬುಡದಲ್ಲಿ ಸಸಿ ಇದೆಯೇ ಇಲ್ಲವೇ. ಸಸಿ ಇಲ್ಲದ ಮರ ಅಂದರೆ ಮಕ್ಕಳಿಲ್ಲದ ಮನೆ. ನಾನು ಎಣಿಸಿದ್ದು ಅದನ್ನೇ.

ಈ ಮರಗಳು 1990ರ ದಶಕದಲ್ಲಿ ಪೂರ್ತಿ ಹೋಗುವುದರಲ್ಲಿದ್ದವು. ಲಂಟಾನದ ಮೇಲೂ ಬದುಕುವ ಒಂದು ರಸ ಹೀರುವ ಕೀಟ ದ್ವೀಪಕ್ಕೆ ಹೇಗೋ ಬಂದು ಗಮ್‌ವುಡ್‌ಗೆ ಹತ್ತಿತು. ಎಲೆಗಳು ಮಸಿ ಹಿಡಿದು ಕಪ್ಪಾದವು, ಮರಗಳು ಸಾಯತೊಡಗಿದವು. 1993ರಲ್ಲಿ ಆ ಕೀಟವನ್ನೇ ತಿನ್ನುವ ಪುಟ್ಟ ಗುಲಗಂಜಿ ಹುಳುಗಳನ್ನು ಕೀನ್ಯಾದಿಂದ ತರಿಸಿ ಬಿಟ್ಟರು. ಒಂದೆರಡು ವರ್ಷದಲ್ಲಿ ಕೀಟ ತಗ್ಗಿತು. ಒಂದು ಹುಳು ಒಂದು ಮರದ ಕುಲವನ್ನೇ ಉಳಿಸಿದ್ದು ಕಣ್ಣೆದುರಿಗೇ ನಡೆದ ಸಂಗತಿ.

ಮರುದಿನ ಹಾರ್ಸ್ ಪಾಯಿಂಟ್‌ನ ಮಿಲೆನಿಯಂ ಫಾರೆಸ್ಟ್. ಹಳೆಯ ಗ್ರೇಟ್ ವುಡ್ ಇದ್ದ ನೆಲದಲ್ಲೇ 2000ನೇ ಇಸವಿಯಲ್ಲಿ ದ್ವೀಪದ ಜನ ಸೇರಿ ಗಮ್‌ವುಡ್ ನೆಡಲು ಶುರು ಮಾಡಿದರು. ಸೇಂಟ್ ಹೆಲೆನಾ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತದೆ. ಹಣ ಕಟ್ಟಿದರೆ ನೀವೂ ಒಂದು ಸಸಿ ನೆಡಬಹುದು. ಮೊದಲೇ ಹೇಳಿಟ್ಟು ಹೋಗಿ. ನೆಡುವಾಗ ಅವರು ಹೇಳಿದ ಹಾಗೇ ಮಾಡಿ, ನಮ್ಮ ತೋಟದ ಜಾಣತನ ಅಲ್ಲಿ ತೋರಿಸಬೇಡಿ. ಗಾಳಿ ಬೀಸುವ ದಿಕ್ಕು, ಕೆಂಪು ಒಣ ಮಣ್ಣು, ಮಳೆಯ ಕೊರತೆ ಎಲ್ಲವೂ ಬೇರೆ. ನನ್ನ ಕೈಗೆ ಬಂದ ಸಸಿ ಒಂದು ಗೇಣಿತ್ತು. ಎಲೆಯ ರೋಮದಲ್ಲಿ ಕೆಂಪು ಧೂಳು ಸಿಕ್ಕಿಕೊಂಡಿತ್ತು. ಬುಡ ಒತ್ತಿ ನೀರು ಹಾಕಿದಾಗ ಮಣ್ಣು ಬುಸ್ ಅಂತ ಕುಡಿಯಿತು.

ಇನ್ನು ಎಬೊನಿ. ಬೈನಾಕ್ಯುಲರ್ ವಿಷಯ ಈಗ ಹೇಳುತ್ತೇನೆ. ಎಬೊನಿಯ ತೊಗಟೆಯನ್ನು ಚರ್ಮ ಹದ ಮಾಡಲು ಸುಲಿದರು, ಕಟ್ಟಿಗೆಯನ್ನು ಸುಣ್ಣದ ಗೂಡಿಗೆ ಹಾಕಿದರು. ನೂರಕ್ಕೂ ಹೆಚ್ಚು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. 1980ರ ನವೆಂಬರ್‌ನಲ್ಲಿ ಸಸ್ಯವಿಜ್ಞಾನಿ ಕ್ವೆಂಟಿನ್ ಕ್ರಾಂಕ್ ಮತ್ತು ದ್ವೀಪದ ಜಾರ್ಜ್ ಬೆಂಜಮಿನ್ ಒಂದು ಪ್ರಪಾತದ ಗೋಡೆಯಲ್ಲಿ ಎರಡು ಪೊದೆ ಕಂಡರು. ಜಾರ್ಜ್ ಅವರ ಸಹೋದರ ಚಾರ್ಲಿ ಹಗ್ಗ ಕಟ್ಟಿಕೊಂಡು ಇಳಿದು ಕಡ್ಡಿ ತಂದರು. ಆ ಕಡ್ಡಿ ಬೇರು ಬಿಟ್ಟವು. ಇವತ್ತು ದ್ವೀಪದಲ್ಲಿ ನೆಟ್ಟ ಸಾವಿರಾರು ಎಬೊನಿ ಆ ಎರಡು ಪೊದೆಗಳ ಸಂತಾನ. ಹಾಗಾಗಿ ಪ್ರಪಾತ ಕಂಡಲ್ಲಿ ಕೂತು, ಗೋಡೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಬೈನಾಕ್ಯುಲರ್‌ನಲ್ಲಿ ನೋಡಿ. ಆಡಿನ ಬಾಯಿಗೆ ಸಿಗದ್ದು ಅಲ್ಲೇ ಉಳಿದಿರುತ್ತದೆ.

ಎಬೊನಿ ಹೂ ಹತ್ತಿರದಿಂದ ನೋಡಲೇಬೇಕು. ಅಗಲವಾದ ಬಿಳಿ ಹೂ, ಹಳತಾದಂತೆ ನಸುಗೆಂಪು ಬರುತ್ತದೆ. ಒಂದೇ ಪೊದೆಯಲ್ಲಿ ಇವತ್ತಿನ ಹೂ, ನಿನ್ನೆಯ ಹೂ ಬೇರೆ ಬೇರೆ ಬಣ್ಣ. ಎಲೆಯ ಬೆನ್ನು ಬೆಳ್ಳಗೆ.

ಇದೇ ಜಾರ್ಜ್ ಬೆಂಜಮಿನ್ 1977ರಲ್ಲಿ ಸೇಂಟ್ ಹೆಲೆನಾ ಆಲಿವ್ ಮರವನ್ನೂ ಹುಡುಕಿದ್ದರು. ಅದರ ಕಥೆ ಹೀಗೆ ಮುಗಿಯಲಿಲ್ಲ. ಕಾಡಿನ ಕೊನೆಯ ಮರ 1994ರಲ್ಲಿ ಸತ್ತಿತು. ಬೆಳೆಸಿದ ಸಸಿಗಳಿಗೆ ಶಿಲೀಂಧ್ರ ಹತ್ತಿ 2003ರಲ್ಲಿ ಕೊನೆಯದೂ ಹೋಯಿತು.

ಹಂತ 7: ಮನೆತೋಟಗಳು, ಅರ್ಧ ದಿನ ಸಾಕು

ಲಾಂಗ್‌ವುಡ್ ಹೌಸ್‌ನಲ್ಲಿ ನೆಪೋಲಿಯನ್ ಕೊನೆಯ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಇಳಿದಿದ್ದ. ಕಾವಲುಗಾರರ ಕಣ್ಣಿಗೆ ಬೀಳದೆ ನಡೆಯಲು ನೆಲ ತಗ್ಗು ಮಾಡಿ ದಾರಿ ಮಾಡಿಸಿದ. ಆ ತಗ್ಗಿನ ದಾರಿಗಳನ್ನು ಈಗಲೂ ನೋಡಬಹುದು. ಗವರ್ನರ್ ವಾಸಿಸುವ ಪ್ಲಾಂಟೇಶನ್ ಹೌಸ್‌ನ ಹುಲ್ಲುಹಾಸಿನಲ್ಲಿ ಜೊನಾಥನ್ ಎಂಬ ಆಮೆ ಇದೆ. ಸುಮಾರು 1832ರಲ್ಲಿ ಹುಟ್ಟಿದ್ದು ಎಂದು ಅಂದಾಜು. 1882ರಲ್ಲಿ ಸೀಶೆಲ್ಸ್‌ನಿಂದ ಬಂತು.

ಕಾಫಿ ನಾಡಿನವರು ಇಲ್ಲಿನ ಕಾಫಿ ತೋಟವನ್ನೂ ನೋಡಿ. ಗಿಡ ಬಂದದ್ದು ಯೆಮನ್‌ನಿಂದ, 1733ರಲ್ಲಿ. ಬಾಬಾಬುಡನ್‌ಗಿರಿಯ ಏಳು ಬೀಜದ ಕಥೆಯೂ ಯೆಮನ್‌ನದೇ ಅಲ್ವಾ? ಒಂದು ಲೋಟ ಕುಡಿದು ಮುಂದೆ ಹೋಗಿ.

ಹಂತ 8: ಮೋಡದ ಕಾಡು

ಇದಕ್ಕೆ ಪೂರ್ತಿ ಒಂದು ದಿನ ಇಡಿ. ಇನ್ನೊಂದು ದಿನ ಕೈಯಲ್ಲಿ ಇರಲಿ, ಗಾಳಿಮಳೆ ಜಾಸ್ತಿಯಾದರೆ ಬೇಕಾಗುತ್ತದೆ. ಡಯಾನಾಸ್ ಪೀಕ್ ದ್ವೀಪದ ಅತಿ ಎತ್ತರದ ಶಿಖರ, ಸುಮಾರು 820 ಮೀಟರ್. ಪಕ್ಕದಲ್ಲಿ ಇನ್ನೆರಡು ಶಿಖರಗಳಿವೆ. 1996ರಿಂದ ಇದು ರಾಷ್ಟ್ರೀಯ ಉದ್ಯಾನ. ರೋಗ ಹರಡುವ ಭಯ ಬಂದಾಗ ದಾರಿಗಳನ್ನು ಮುಚ್ಚುತ್ತಾರೆ. ಹಿಂದಿನ ದಿನವೇ ಪ್ರವಾಸಿ ಕಚೇರಿಯಲ್ಲಿ ಕೇಳಿ. ಮುಚ್ಚಿದ್ದರೆ ಬೇಲಿಯ ಹೊರಗಿಂದ ನೋಡಿ ಬನ್ನಿ. ಇಷ್ಟು ದೂರ ಬಂದಿದ್ದೇವೆ, ಐದು ನಿಮಿಷ ಹೋಗಿ ಬರೋಣ ಅನ್ನಬೇಡಿ. ತೆರೆದಿದ್ದರೆ ಬೂಟು ಮತ್ತೆ ತೊಳೆದು ಹೊರಡಿ.

ಹತ್ತುವಾಗ ಮೊದಲು ಸಿಗುವುದು ಕತ್ತಿಯಂಥ ಎಲೆಗಳ ಗೋಡೆ. ಅದು ನ್ಯೂಜಿಲೆಂಡಿನ ಫ್ಲ್ಯಾಕ್ಸ್. ನಮ್ಮ ಅಗಸೆಯಲ್ಲ. ಕತ್ತಾಳೆಯ ಹಾಗೆ ಎಲೆಯಿಂದ ನಾರು ತೆಗೆಯುವ ಗಿಡ. ದ್ವೀಪದಲ್ಲಿ 1907ರಿಂದ ಇದರ ಉದ್ಯಮ ಜೋರಾಗಿತ್ತು. ಬ್ರಿಟನ್ನಿನ ಅಂಚೆಯವರು ಕಟ್ಟು ಕಟ್ಟಲು ಈ ಹುರಿ ಕೊಳ್ಳುತ್ತಿದ್ದರು. ಅವರು ಕೃತಕ ದಾರಕ್ಕೆ ಹೋದರು, 1966ರಲ್ಲಿ ಗಿರಣಿಗಳು ನಿಂತವು. ಗಿಡ ಮಾತ್ರ ನಿಲ್ಲಲಿಲ್ಲ, ಕಾಡಿನ ಮೇಲೆ ಏರುತ್ತ ಹೋಯಿತು. ಈಗ ಅದನ್ನು ಕೈಯಿಂದ ಕಡಿದು ತೆಗೆಯುತ್ತಿದ್ದಾರೆ. ಒಮ್ಮೆಗೇ ಎಲ್ಲ ತೆಗೆದರೆ ಬಯಲಾದ ನೆಲಕ್ಕೆ ಬೇರೆ ಕಳೆ ನುಗ್ಗುತ್ತದೆ. ಹಾಗಾಗಿ ಪಟ್ಟಿ ಪಟ್ಟಿಯಾಗಿ ತೆಗೆದು, ತೆಗೆದಲ್ಲಿ ಸಸಿ ನೆಟ್ಟು, ಅದು ಹಿಡಿದ ಮೇಲೆ ಮುಂದಿನ ಪಟ್ಟಿ. ದಾರಿಯ ಪಕ್ಕದಲ್ಲಿ ಬರೀ ಮಣ್ಣಿದೆ ಅಂತ ಕಾಲಿಡಬೇಡಿ, ಅಲ್ಲಿ ಬೆರಳುದ್ದದ ಸಸಿ ಇರುತ್ತದೆ.

ಆ ಗೋಡೆ ದಾಟಿದ ಮೇಲೆ ಸದ್ದೇ ಬದಲಾಗುತ್ತದೆ. ಮಳೆ ಬರುತ್ತಿರುವುದಿಲ್ಲ, ಆದರೂ ಟಪ್ ಟಪ್ ಹನಿ. ಆಗ್ನೇಯದಿಂದ ಬೀಸುವ ಗಾಳಿ ಮೋಡವನ್ನು ಹೊತ್ತು ತರುತ್ತದೆ. ಎಲೆ, ಪಾಚಿ, ಜರಿಗಳು ಅದನ್ನು ಸೋಸಿ ನೀರು ಮಾಡುತ್ತವೆ. ದ್ವೀಪದ ನೀರಿನ ದೊಡ್ಡ ಪಾಲು ಬರುವುದು ಇಲ್ಲಿಂದ. ಕುದುರೆಮುಖದ ಶೋಲೆಗಳಲ್ಲಿ ಮಂಜು ಇಳಿದ ಬೆಳಿಗ್ಗೆ ನಡೆದವರಿಗೆ ಈ ಸದ್ದು ಗೊತ್ತು.

ಮೊದಲು ಮರಜರಿಯನ್ನು ಗುರುತಿಸಿ. ಕಪ್ಪು ಕಂದು ಕಾಂಡ, ಮೇಲೆ ಛತ್ರಿಯಂಥ ಗರಿ. ಇದರ ಕಾಂಡವನ್ನು ಮಸೂರ ಹಿಡಿದು ನೋಡಿ. ನಾರಿನ ನಡುವೆ ಬೇರೆ ಮರಗಳ ಸಸಿ ಹುಟ್ಟಿರುತ್ತದೆ. ಒದ್ದೆ ಸ್ಪಂಜಿನಂಥ ಆ ಕಾಂಡವೇ ಇಲ್ಲಿನ ಎಷ್ಟೋ ಮರಗಳ ತೊಟ್ಟಿಲು.

ಆಮೇಲೆ ಸೇವಂತಿಗೆ ಮರಗಳು. ಬ್ಲ್ಯಾಕ್ ಕ್ಯಾಬೇಜ್‌ಗೆ ಕಪ್ಪು ಕೊಂಬೆ, ತುದಿಯಲ್ಲಿ ಗುಂಪು ಕಟ್ಟಿದ ಹೊಳೆಯುವ ಎಲೆ. ಹೀ ಕ್ಯಾಬೇಜ್‌ಗೆ ಅಗಲ ಎಲೆ, ಹೂ ಬಿಟ್ಟಾಗ ಹೂಕೋಸು ಇಟ್ಟ ಹಾಗೆ ಬಿಳಿ ಗೊಂಚಲು. ಶೀ ಕ್ಯಾಬೇಜ್ ಬಹಳ ಅಪರೂಪ, ಎಳೆ ಎಲೆಯಲ್ಲಿ ನೇರಳೆ ನರ. ವೈಟ್‌ವುಡ್‌ನ ಎಲೆಗಳು ಎದುರುಬದುರು, ಅಂಚು ಗರಗಸ. ಹೀ, ಶೀ ಅಂದರೆ ಒಂದೇ ಮರದ ಗಂಡು ಹೆಣ್ಣು ಅಂದುಕೊಳ್ಳಬೇಡಿ, ಎರಡೂ ಬೇರೆ ಬೇರೆ ಜಾತಿ.

ನಮ್ಮ ಜೊತೆ ಬಂದ ಗೈಡ್ ಒಂದು ಬ್ಲ್ಯಾಕ್ ಕ್ಯಾಬೇಜ್ ಕೊಂಬೆಯ ಹತ್ತಿರ ನಿಲ್ಲಿಸಿ ಸುಮ್ನೆ ನೋಡಿ ಅಂದರು. ನನಗೆ ಎಲೆ ಕಂಡಿತು, ಹನಿ ಕಂಡಿತು, ಇನ್ನೇನೂ ಕಾಣಲಿಲ್ಲ. ಅವರು ಬೆರಳು ತೋರಿಸಿದರು, ಮುಟ್ಟಲಿಲ್ಲ. ಎಲೆಯ ಅಡಿಯಲ್ಲಿ ಮೈತುಂಬ ಮುಳ್ಳಿರುವ ಒಂದು ಹಳದಿ ಪುಟ್ಟ ಜೀವಿ. ಕೊಳೆತ ಕಟ್ಟಿಗೆ ಎತ್ತಿದರೆ ಉಂಡೆ ಸುತ್ತಿಕೊಳ್ಳುವ ಬೂದು ಹುಳ ನೀವೂ ನೋಡಿರುತ್ತೀರಿ. ಅದರ ನೆಂಟ ಇದು. ಪ್ರಪಂಚದಲ್ಲಿ ಈ ಶಿಖರದ ಸುತ್ತ ಬಿಟ್ಟರೆ ಬೇರೆಲ್ಲೂ ಇಲ್ಲ. ಅತಿನೇರಳೆ ಟಾರ್ಚ್ ಹಿಡಿದರೆ ಹೊಳೆಯುತ್ತದೆ, ಹಾಗಾಗಿ ರಾತ್ರಿ ಅದನ್ನು ಎಣಿಸುತ್ತಾರೆ. ಅದು ನಿಧಾನವಾಗಿ ಎಲೆಯ ನರದ ಮೇಲೆ ಹೆಜ್ಜೆ ಇಡುತ್ತಿತ್ತು. ನಾವು ಉಸಿರು ಹಿಡಿದು ನಿಂತಿದ್ದೆವು, ಎಲೆ ಅಲುಗದಿರಲಿ ಅಂತ.

ಇಲ್ಲಿ ಪಾಲಿಸಬೇಕಾದ್ದು ಮೂರೇ. ದಾರಿ ಬಿಡಬೇಡಿ. ಆಸರೆಗೆ ಕೊಂಬೆ ಹಿಡಿಯಬೇಡಿ, ಕೋಲು ಒಯ್ಯಿರಿ. ಬಿದ್ದ ಎಲೆ, ಬೀಜ, ಹೂ ಏನನ್ನೂ ಎತ್ತಿಕೊಳ್ಳಬೇಡಿ. ಕೆಲವು ಜಾತಿಗಳಲ್ಲಿ ಒಂದೊಂದು ಬೀಜವನ್ನೂ ನರ್ಸರಿಯವರು ಲೆಕ್ಕ ಇಟ್ಟು ಆರಿಸುತ್ತಾರೆ.

ಹಂತ 9: ಬರೆದಿಡುವ ಕ್ರಮ

ಪ್ರತಿ ಗಿಡಕ್ಕೆ ನಾಲ್ಕು ಫೋಟೊ ಸಾಕು: ಪೂರ್ತಿ ಗಿಡ, ಎಲೆಯ ಎರಡೂ ಬದಿ, ಹೂ ಅಥವಾ ಕಾಯಿ, ಕಾಂಡ. ಪಕ್ಕದಲ್ಲಿ ಎತ್ತರ, ಬಿಸಿಲೋ ಮಂಜೋ, ಸುತ್ತ ಯಾವ ಗಿಡ ಎಂದು ಎರಡು ಸಾಲು ಬರೆಯಿರಿ. ಅಪರೂಪದ ಗಿಡದ ಫೋಟೊವನ್ನು ಜಾಗದ ವಿವರದೊಂದಿಗೆ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ರಾತ್ರಿ ಉಳಿದುಕೊಂಡ ಮನೆಯಲ್ಲಿ ನೋಟ್‌ಬುಕ್ ತೋರಿಸಿ. ಊರವರು ತಮ್ಮನ್ನು ಸೇಂಟ್ಸ್ ಅಂತ ಕರೆದುಕೊಳ್ಳುತ್ತಾರೆ. ದಾರಿಯಲ್ಲಿ ಎದುರಾದ ಪ್ರತಿ ಕಾರಿನವರೂ ಕೈ ಎತ್ತುತ್ತಾರೆ, ನೀವೂ ಎತ್ತಿ. ನಾನು ತಪ್ಪು ಪುಟದಲ್ಲಿ ಬರೆದಿದ್ದ ನಾಲ್ಕು ಹೆಸರನ್ನು ತಿದ್ದಿದ್ದು ಅಡುಗೆಮನೆಯಲ್ಲಿ ಕೂತ ಒಬ್ಬ ಅಜ್ಜಿ.

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಒಂದು ಮಾತು. ದ್ವೀಪಕ್ಕೆ ಹೋಗುವುದು ಆಗದಿದ್ದರೆ ಕ್ಯೂ ಗಾರ್ಡನ್‌ನ ಟೆಂಪರೇಟ್ ಹೌಸ್‌ಗೆ ಹೋಗಿ. ದೂರದ ದ್ವೀಪಗಳ ಗಿಡಗಳನ್ನು ಅಲ್ಲಿ ಬೆಳೆಸುತ್ತಾರೆ. ಸೇಂಟ್ ಹೆಲೆನಾದ ಎಬೊನಿ ಎಲ್ಲಿದೆ ಎಂದು ಕೇಳಿ.

ದ್ವೀಪಕ್ಕೇ ಹೋದವರಿಗೆ ಕೊನೆಯ ಸೂಚನೆ. ಗಾಳಿ, ಮಂಜಿನಿಂದ ವಿಮಾನ ತಡವಾಗುವುದುಂಟು. ಜೋಹಾನ್ಸ್‌ಬರ್ಗ್‌ನಿಂದ ಮುಂದಿನ ಟಿಕೆಟ್‌ಗೆ ನಡುವೆ ಎರಡು ದಿನ ಬಿಡಿ. ವಿಮಾನ ನಿಜವಾಗಿಯೂ ತಡವಾದರೆ ವಿಮಾನ ನಿಲ್ದಾಣದಿಂದ ಮಿಲೆನಿಯಂ ಫಾರೆಸ್ಟ್ ದೂರವಿಲ್ಲ. ನೀವು ನೆಟ್ಟ ಸಸಿಯ ಸಾಲು ಯಾವುದು ಎಂದು ಬರೆದಿಟ್ಟುಕೊಂಡಿರುತ್ತೀರಲ್ಲ, ಅಲ್ಲಿಗೆ ಹೋಗಿ ಒಮ್ಮೆ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ಅಲ್ಲಿನವರನ್ನು ಕೇಳಿ ನೀರು ಹಾಕಿ.